ರಸ್ತೆ ಮೇಲಿನ ಹುರುಳಿ ತೆಗೆಸಲು ಹೋಗಿ

ಗೆಳೆಯರೇ, ಇವತ್ತು ಪಂಚಾಯ್ತಿಯವರು ನನ್ನ ಕೆಲಸ ಮಾಡಿಕೊಟ್ಟರೋ, ನಾನೇ ಪಂಚಾಯ್ತಿ ಕೆಲಸ ಮಾಡಿ ಬಂದೆನೋ, ಇನ್ನೂ ಗೊತ್ತಾಗುತ್ತಿಲ್ಲ.

ಮಧ್ಯಾಹ್ನದ ಡ್ಯೂಟಿಗೆ ಏರ್‌ಪೋರ್ಟ್ ಕಡೆ ಹೊರಟರೆ, ಕುಂದಾಣ ದಾಟಿದ ಮೇಲೆ ರಸ್ತೆಯೇ ಕಾಣುತ್ತಿಲ್ಲ. ಚಳಿಗಾಲ ಬಂತೆಂದರೆ ನಮ್ಮಲ್ಲಿ ಡಾಂಬರು ರಸ್ತೆಯೇ ಒಕ್ಕಣೆಯ ಕಣ. ಒಣಗಿದ ಹುರುಳಿ ಗಿಡ ಮೊಣಕಾಲೆತ್ತರ ಹರಡಿತ್ತು. ಹೋದ ವಾರ ಇದೇ ಗಿಡ ಕಾರಿನಡಿ ಸುತ್ತಿಕೊಂಡು ಹೊಗೆ ಬಂದಿತ್ತು. ಪಂಚಾಯ್ತಿ ಮೆಂಬರಿಗೆ ಫೋನ್ ಮಾಡಿ, ರಸ್ತೆ ಕ್ಲಿಯರ್ ಮಾಡಿಸಿ ಎಂದೆ.

ಆತ ಬೈಕಿನಲ್ಲಿ ಬಂದೇಬಿಟ್ಟ. ಪಂಚೆ ಎತ್ತಿಕಟ್ಟಿ, ಹುರುಳಿ ಹಾಕಿದ್ದ ಗೌರಕ್ಕನ ಕೈಯಿಂದ ಕವೆಗೋಲು ತೆಗೆದುಕೊಂಡು ಗಿಡಗಳನ್ನು ಮಗುಚತೊಡಗಿದ. ನನಗೆ ಹೆಮ್ಮೆಯಾಯಿತು. ಆಮೇಲೆ ನೋಡಿದರೆ ಅಂಚಿನಲ್ಲಿದ್ದದ್ದೂ ರಸ್ತೆ ನಡುವಿಗೆ ಬಂದಿತ್ತು.

"ಈಗ ಇದ್ರ ಮೇಲೆ ಕಾರು ಹತ್ಸಿ ಸಾರ್. ತೆಳ್ಳಗೆ ಹರವಿದ್ದೀನಿ, ಏನೂ ಆಗಲ್ಲ."

"ರೀ, ನಾನು ಕ್ಲಿಯರ್ ಮಾಡಿ ಅಂದಿದ್ದು."

"ಅದೇ ತಾನೆ ಮಾಡ್ತಿರೋದು. ಕಾಳು ಉದುರ್ದೆ ಗೌರಕ್ಕ ತೆಗಿಯಲ್ಲ, ಗಾಡಿ ಓಡ್ದೆ ಕಾಳು ಉದುರಲ್ಲ. ಟ್ಯಾಕ್ಸಿಯೋರೆಲ್ಲ ಬೆಳಗ್ಗಿಂದ ಸುತ್ಕೊಂಡು ಹೋಗ್ತಾವ್ರೆ. ನೀವು ನಾಕು ರೌಂಡ್ ಹೊಡುದ್ರೆ ರಸ್ತೆ ಕ್ಲಿಯರ್."

ಈ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಮೆಂಬರ್ ಪಕ್ಕದಲ್ಲಿ ನಿಂತು "ಇನ್ನೊಸಿ ಎಡಕ್ಕೆ" ಎನ್ನುತ್ತಿದ್ದ. ಕೊನೆಗೆ ಗೌರಕ್ಕ ಹೊಟ್ಟು ಸರಿಸಿ, ಕಾಳು ಗುಡಿಸಿಕೊಂಡು ದಾರಿ ಬಿಟ್ಟರು. ರಸ್ತೆಯೇನೋ ಕನ್ನಡಿಯಂತಾಗಿತ್ತು. ನನ್ನ ಡ್ಯೂಟಿ ಮಾತ್ರ ಲೇಟಾಗಿತ್ತು.

ಹೊರಡುವಾಗ ಗೌರಕ್ಕ ಕಾರಿನ ಕಿಟಕಿಗೆ ಬಂದು ಮೆಲ್ಲಗೆ ಹೇಳಿದರು:

"ನಾಳೇನೂ ಮೆಂಬರಿಗೊಂದು ಫೋನ್ ಮಾಡಪ್ಪ. ನಮ್ಮ ಮೈದುನಂದು ಹುರುಳಿ ಹಾಕ್ತೀವಿ."