ಗುರಿಹಲಗೆಯ ಕೆಳಗಿನ ಡಲ್ಸಿ

ರಾಣಿಯ ಬಹುಮಾನವೆಂಬ ಕೋವಿ ಪಂದ್ಯದ ಕೊನೆಯ ಸುತ್ತಿನ ದಿನ ಬೆಳಿಗ್ಗೆ ಕೋಲ್ಡ್‌ಹ್ಯಾಂಗರ್ ಬಯಲಿನಲ್ಲಿ ಮಳೆ ಸುರಿಯಿತು. ಕೋವಿ ಹಿಡಿದವರೆಲ್ಲ ಗಾಳಿಯನ್ನು ಬೈದರು. ಡಲ್ಸಿ ಟಿಕ್ನರ್ ಮಾತ್ರ ಮರಳುದಿಬ್ಬವನ್ನು ನೋಡಿ ಹೆದರಿದಳು.

ಡಲ್ಸಿಯ ಕೆಲಸ ಗುರಿಹಲಗೆಗಳ ಕೆಳಗಿನ ಕಂದಕದಲ್ಲಿ. ಗುಂಡು ತಲೆಯ ಮೇಲಿನ ಹಲಗೆಯನ್ನು ತೂರಿಕೊಂಡು ಹಿಂದಿನ ಮರಳಿಗೆ ನುಗ್ಗಿದ ಕೂಡಲೇ ಹಗ್ಗ ಜಗ್ಗಿ ಹಲಗೆ ಇಳಿಸಬೇಕು. ಹೊಡೆದವನಿಗೆ ದೂರದಿಂದ ಕಾಣುವಂತೆ ಹೊಸ ತೂತಿಗೆ ಗುರುತಿನ ಬಿಲ್ಲೆ ಸಿಕ್ಕಿಸಿ, ಹಳೆಯದಕ್ಕೆ ಕಾಗದ ಮೆತ್ತಿ, ಮತ್ತೆ ಮೇಲೆತ್ತಬೇಕು. ಗುಂಡು ಬಂದದ್ದು ಕಿವಿಗೆ ಗೊತ್ತಾಗುತ್ತದೆ, ನೆತ್ತಿಯ ಮೇಲೆ ಚಾವಟಿ ಬೀಸಿದ ಹಾಗೆ. ಯುದ್ಧ ಮುಗಿದಾಗಿನಿಂದ ಆ ಚಾವಟಿಯೇಟು ತಿಂದು ತಿಂದು ಡಲ್ಸಿಯ ಕಿವಿ ಸತ್ತುಹೋಗಿತ್ತು. ಕೋವಿ ಹಿಡಿದವರಿಗೆ ಚರ್ಮದ ಕಿವಿಮುಚ್ಚಿಗೆ ಬಂದಿತ್ತು. ಕಂದಕದವರಿಗೆ ಬಂದದ್ದು ಒಂದು ಡಬ್ಬಿ ಹತ್ತಿ. ಅದೂ ಚಹಾದ ಬಟ್ಟಲುಗಳನ್ನು ಸುತ್ತಿಡಲು ಖರ್ಚಾಯಿತು.

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಕಂದಕದ ಕೆಲಸ ಹೋದರೆ ಬಯಲಂಚಿನ ಮರದ ಮನೆಯೂ ಹೋಗುತ್ತದೆ, ಅದು ಕೆಲಸದ ಜೊತೆ ಬಂದದ್ದು. ಹಾಗಾಗಿ ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ್ದಳು. ಗುಂಡು ಹೊಕ್ಕಾಗ ದಿಬ್ಬದ ಒಣ ಮರಳು ಚಿಮ್ಮುತ್ತಿತ್ತು. ಮರಳು ಒದ್ದೆಯಾದ ದಿನ ಪಕ್ಕದ ಹಲಗೆಯ ಸಿಡ್ ಮಿಲ್ಯಾರ್ಡ್ ತನ್ನ ಬೂಟಿನಿಂದ ಅವಳ ಬೂಟಿಗೆ ಒದೆಯುತ್ತಿದ್ದ. ಗುಟ್ಟು ಗೊತ್ತಿದ್ದವನು ಅವನೊಬ್ಬನೇ.

ಆದರೆ ಕೊನೆಯ ಸುತ್ತಿಗೆ ಬೇರೆಯೇ ಕಟ್ಟಳೆ. ಯಾರೂ ಯಾರಿಗೂ ಪಕ್ಷಪಾತ ಮಾಡಬಾರದೆಂದು ಕಂದಕದವರು ಟೋಪಿಯಿಂದ ಚೀಟಿ ಎತ್ತಿ ಹಲಗೆ ಹಂಚಿಕೊಳ್ಳಬೇಕು. ಸಿಡ್‌ಗೆ ಬಂದದ್ದು ಕಂದಕದ ಆ ಕೊನೆ, ಡಲ್ಸಿಗೆ ಈ ಕೊನೆ.

ಸಿಡ್ ಅವಳ ಮುಖದೆದುರು ನಿಂತು ತುಟಿ ಅಗಲಿಸಿ ಹೇಳಿದ, "ಹೊಟ್ಟೆನೋವು ಅನ್ನು. ಮನೆಗ್ ಹೋಗ್ಬಿಡು."

"ಅರಮನೆಯವರು ಬರೋ ದಿನಾನೇ ಹೊಟ್ಟೆನೋವಾ? ಕ್ಯಾಪ್ಟನ್ ಫೆಲ್ಗೇಟ್ ಡಾಕ್ಟರನ್ನ ಕರೀತಾನೆ. ಡಾಕ್ಟರು ಹೊಟ್ಟೆ ಬಿಟ್ಟು ಕಿವಿ ನೋಡ್ತಾನೆ."

"ಹಟಮಾರಿ ಮುದುಕಿ ಕಣೇ ನೀನು!"

"ನೀನೇನು ಎಳೇ ಕೂಸಾ? ನಿನ್ ಬೂಟು ಇಲ್ಲೇ ಬಿಟ್ಟೋಗು, ನಾನೇ ಒದ್ಕೋತೀನಿ."

ಸಿಡ್ ನಕ್ಕ. ಹೋಗುವಾಗ ಎರಡು ಸಲ ತಿರುಗಿ ನೋಡಿದ.

ಕ್ಲಬ್ಬಿನ ಗೋಡೆಯ ಮೇಲೊಂದು ಚಿತ್ರವಿದೆ. ವಿಕ್ಟೋರಿಯಾ ರಾಣಿ ವಿಂಬಲ್ಡನ್ ಬಯಲಿನಲ್ಲಿ, ಕಬ್ಬಿಣದ ಪೀಠಕ್ಕೆ ಬಿಗಿದ ಕೋವಿಯನ್ನು ರೇಷ್ಮೆ ದಾರದಿಂದ ಎಳೆದು ಇದೇ ಪಂದ್ಯದ ಮೊಟ್ಟಮೊದಲ ಗುಂಡು ಹಾರಿಸುತ್ತಿದ್ದಾಳೆ. ಗುಂಡು ನಟ್ಟನಡುವಿಗೇ ಬಿತ್ತೆಂದು ಕ್ಲಬ್ಬಿನವರು ಇಂದಿಗೂ ಮೀಸೆ ತಿರುವುತ್ತಾರೆ. ಬಿತ್ತೆಂದು ಸಾರಲು ಆ ಹಲಗೆಯ ಹತ್ತಿರ ಒಬ್ಬ ಮನುಷ್ಯ ಇದ್ದಿರಲೇಬೇಕಲ್ಲ? ಅವನು ಚಿತ್ರದಲ್ಲಿಲ್ಲ. ಅವನಿಗೂ ಕಿವಿಗಳಿದ್ದವು.

ಸುತ್ತು ಶುರುವಾಯಿತು. ಡಲ್ಸಿಯ ಹಲಗೆಗೆ ಗುಂಡು ಹೊಡೆಯುತ್ತಿದ್ದವನು ಇದ್ರಿಸ್ ಪ್ರೊಸರ್, ವೇಲ್ಸಿನ ಅಂಚೆಯವನು. ಒಂದಾದ ಮೇಲೊಂದು ನಡುವಿಗೇ ಬಡಿಯುತ್ತಿದ್ದ. ಡಲ್ಸಿ ರೆಪ್ಪೆ ಮಿಟುಕಿಸದೆ ದಿಬ್ಬ ನೋಡಿದಳು. ಒದ್ದೆ ಮರಳು ಚಿಮ್ಮುತ್ತಿರಲಿಲ್ಲ, ಸಣ್ಣಗೆ ಕುಸಿಯುತ್ತಿತ್ತು ಅಷ್ಟೆ. ಪ್ರತಿ ಕುಸಿತವನ್ನೂ ಹಿಡಿದಳು. ಕಣ್ಣಲ್ಲಿ ನೀರು ಸುರಿಯಿತು, ಒರೆಸಿಕೊಳ್ಳುವುದಕ್ಕೂ ಧೈರ್ಯ ಬರಲಿಲ್ಲ.

ಪ್ರೊಸರ್ ಮುಂದಿದ್ದ. ಉಳಿದದ್ದು ಎರಡೇ ಗುಂಡು. ಡಲ್ಸಿ ಒಂದೇ ಒಂದು ಸಲ ತೋಳಿನಿಂದ ಕಣ್ಣೊರೆಸಿಕೊಂಡಳು.

ಗುಂಡು ಬಂದು ಹೋಯಿತು. ಹಲಗೆ ಮೇಲೆಯೇ ನಿಂತಿತು.

ಆ ದೂರದಲ್ಲಿ ಪ್ರೊಸರ್ ಕಾದ, ಗುರುತು ಕಾಣದೆ ಮುಂದಿನ ಗುಂಡು ಹೊಡೆಯುವಂತಿರಲಿಲ್ಲ. ಕೈಯೆತ್ತಿದ. ಕಂದಕದ ಟೆಲಿಫೋನು ಬಡಿದುಕೊಂಡಿತು. ಮೇಲ್ವಿಚಾರಕ ಕ್ಯಾಪ್ಟನ್ ಫೆಲ್ಗೇಟ್ ಡಲ್ಸಿಯ ಬೆನ್ನ ಹಿಂದೆ ನಿಂತು ಕೂಗಿದ, "ಡಲ್ಸಿ, ನಿನ್ ಹಲಗೆ! ಇಳಿಸಮ್ಮ!" ಅವಳು ದಿಬ್ಬವನ್ನೇ ನೋಡುತ್ತಿದ್ದಳು. ಮತ್ತೂ ಕೂಗಿದ. ಕೊನೆಗೆ ಸುತ್ತಿ ಬಂದು ಮುಖದೆದುರು ನಿಂತ. ಅವನ ಬಾಯಿ ನೋಡಿ ಡಲ್ಸಿ ಬೆಚ್ಚಿ ಹಗ್ಗ ಜಗ್ಗಿದಳು.

ತೂತು ನಟ್ಟನಡುವೆ ಇತ್ತು. ಬಿಲ್ಲೆ ಸಿಕ್ಕಿಸಿ ಹಲಗೆ ಎತ್ತುವಷ್ಟರಲ್ಲಿ ಬಯಲ ಬಾವುಟಗಳೆಲ್ಲ ಆ ಕಡೆಯಿಂದ ಈ ಕಡೆಗೆ ಹೊರಳಿದ್ದವು. ಪ್ರೊಸರ್ ಲೆಕ್ಕ ಹಾಕಿಟ್ಟುಕೊಂಡಿದ್ದ ಗಾಳಿ ಹೊರಟುಹೋಗಿತ್ತು. ಅವನ ಕೊನೆಯ ಗುಂಡು ಬದಿಗೆ ಸರಿಯಿತು, ಬಹುಮಾನವೂ ಸರಿಯಿತು.

"ಎಷ್ಟು ದಿನದಿಂದ ಹೀಗೆ?" ಫೆಲ್ಗೇಟ್ ಕೇಳಿದ. ಒರಟನಲ್ಲ. ಬಿಡಿಸಿ ಬಿಡಿಸಿ ಕೇಳಿದ.

"ಮಳೆ ಬರದಿದ್ರೆ ಆಗ್ತಿತ್ತು ಸಾರ್. ಮರಳು ಒಣಗಿದ್ರೆ ನಾನು ಯಾರ್ಗೂ ಕಮ್ಮಿಯಿಲ್ಲ."

"ಮಳೆ ಇನ್ನೂ ಬರತ್ತಲ್ಲಮ್ಮ." ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಾಳೆಯಿಂದ ಬರ್ಬೇಡ. ಮನೆ... ಮನೆ ಚಳಿಗಾಲದವರೆಗೂ ಇಟ್ಕೋ. ನಾನು ಮಾತಾಡ್ತೀನಿ."

ನಾಲ್ಕು ಒಳ್ಳೆಯ ಮಾತಾಡಿ ಫೆಲ್ಗೇಟ್ ತನ್ನ ಪಾಲಿನ ಕರುಣೆ ಮುಗಿಸಿದ. ಕಿವಿ ಯಾರ ಆಟಕ್ಕೆ ಹೋಯಿತೆಂದು ಅವನು ಕೇಳಲಿಲ್ಲ, ಯಾರೂ ಕೇಳಲಿಲ್ಲ.

ಗೆದ್ದವನನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ತಂದರು. ಕಂದಕದ ಮೆಟ್ಟಿಲ ಮೇಲೆ ನಿಂತರೆ ಡಲ್ಸಿಗೆ ದೂರದಲ್ಲಿ ಕಾಣುತ್ತಿತ್ತು. ವಾದ್ಯದವರ ಕೆನ್ನೆಗಳು ಉಬ್ಬಿದವು, ಇಳಿದವು. ಅರಮನೆಯ ಅತಿಥಿ ಬಿಳಿ ಕೈಗವಸಿನ ಕೈ ಬೀಸಿದರು. ಪ್ರೊಸರ್ ಗುಂಪಿನ ಹಿಂದೆ ಕೋವಿಯನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಅವನನ್ನೇ ನೋಡಿದಳು. ಹತ್ತಿರ ಹೋಗಿ ಏನೆಂದು ಹೇಳಬೇಕು? ಹೇಳಿದರೆ ಅವನ ಉತ್ತರ ಕೇಳುವುದಾದರೂ ಹೇಗೆ?

ಕೆಳಗಿಳಿದಳು. ಬೇಡವೆಂದು ಯಾರೂ ಹೇಳದ್ದರಿಂದ ಹಲಗೆ ಇಳಿಸಿ ಕಾಗದ ಮೆತ್ತಲು ಕೂತಳು. ಉಳಿದದ್ದು ಬದಿಗೆ ಸರಿದ ಆ ಕೊನೆಯ ತೂತೊಂದೇ, ಅದನ್ನು ಮುಚ್ಚಲು ಕೈ ಬರಲಿಲ್ಲ. ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡು ಕೂತಿದ್ದಳು.

ಯಾರೋ ಅವಳ ಬೂಟಿಗೆ ಮೆಲ್ಲಗೆ ಒದ್ದರು.

ಡಲ್ಸಿ ತಟ್ಟನೆ ಎದ್ದು ಹಗ್ಗಕ್ಕೆ ಕೈ ಹಾಕಿದಳು. ದಿಬ್ಬದ ಕಡೆ ನೋಡಿದಳು. ಆಮೇಲೆ ಸಿಡ್‌ನ ಮುಖ ನೋಡಿದಳು. ಅವನು ಅವಳ ಕೋಟು ಹಿಡಿದುಕೊಂಡು ನಿಂತಿದ್ದ.

"ಏನಿಲ್ಲ ಕಣೇ," ಎಂದ. "ಹೋಗೋಣ ಅಂತ."