ಜೀನ್ ಹತ್ತಿದ ಬ್ರೇ

ಅದು ೧೯೯೮ ಇರಬೇಕು. ೧೯೯೯ ಎಂದು ಯಾರಾದರೂ ಹೇಳಿದರೆ ವಾದಿಸಲಾರೆ. ವಾಯವ್ಯ ಲಂಡನ್ನಿನ ಒಂದು ಆಸ್ಪತ್ರೆಯ ವೃದ್ಧರ ವಿಭಾಗದಲ್ಲಿ ನಾನು ರಿಜಿಸ್ಟ್ರಾರ್ ಆಗಿದ್ದೆ. ಅಂದರೆ ರೋಗಿಗಳನ್ನು ದಿನವೂ ನೋಡುವವನು ನಾನು, ಕೊನೆಯ ಮಾತು ವಿಭಾಗದ ಹಿರಿಯ ವೈದ್ಯರಾದ ಕನ್ಸಲ್ಟೆಂಟರದು.

ಜೀನ್ ಎಂಬ ಎಂಬತ್ತು ದಾಟಿದ ವಿಧವೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಅಲ್ಲೇ ಹತ್ತಿರದ ಎಜ್‌ವೇರ್‌ನಲ್ಲಿ ಒಬ್ಬರೇ ಇದ್ದರು. ಮನೆ ಒಂದು ಏರುದಾರಿಯ ತುದಿಯಲ್ಲಿತ್ತು. ಆ ಏರನ್ನು ಅವರು ಬ್ರೇ ಎನ್ನುತ್ತಿದ್ದರು. ಬೆಟ್ಟದ ಮಗ್ಗುಲಿಗೆ, ಇಳಿಜಾರಿಗೆ ಸ್ಕಾಟ್ಲೆಂಡಿನವರು ಬಳಸುವ ಮಾತು ಅದು. ದೂರದ ಶೆಟ್‌ಲೆಂಡ್ ದ್ವೀಪದಲ್ಲಿ, ಕಡಲಂಚಿನಲ್ಲಿರುವ ಅವರ ಹುಟ್ಟೂರಿನ ಹೆಸರೂ ಬ್ರೇ. ಮೊದಲ ದಿನವೇ ನನಗೆ ಎರಡನ್ನೂ ಬಿಡಿಸಿ ಹೇಳಿ, "ಬ್ರೇಯಲ್ಲಿ ಹುಟ್ಟಿದೆ, ಬ್ರೇ ಮೇಲೆಯೇ ಸಾಯುತ್ತೇನೆ. ನರ್ಸಿಂಗ್ ಹೋಮಿನಲ್ಲಿ ಅಲ್ಲ, ಡಾಕ್ಟರ್" ಎಂದಿದ್ದರು.

ಕನ್ಸಲ್ಟೆಂಟರ ಮನಸ್ಸು ನರ್ಸಿಂಗ್ ಹೋಮಿನ, ಅಂದರೆ ವೃದ್ಧರನ್ನು ಕಾಯಂ ಇಟ್ಟು ನೋಡಿಕೊಳ್ಳುವ ಮನೆಯ, ಕಡೆಗೇ ವಾಲಿತ್ತು. ಹೋಮ್ ವಿಸಿಟ್ ಒಂದು ಬಾಕಿ ಇತ್ತು. ರೋಗಿಯನ್ನು ಸ್ವಲ್ಪ ಹೊತ್ತು ಅವರ ಮನೆಗೆ ಕರೆದೊಯ್ದು, ನಡೆಯಬಲ್ಲರೇ, ಚಹಾ ಮಾಡಿಕೊಳ್ಳಬಲ್ಲರೇ ಎಂದು ನೋಡುವುದು ಅದರ ಉದ್ದೇಶ. ಬರೀ ನೋಡಬೇಕು, ಮುಟ್ಟಬಾರದು. ಮುಟ್ಟಿದರೆ "ಸಹಾಯ ಬೇಕು" ಎಂದು ಲೆಕ್ಕ. ಜೀನ್‌ಗೆ ಸಹಾಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ಹೋಗಬೇಕಾದವರು ಫಿಸಿಯೋಥೆರಪಿಸ್ಟ್ ಸವಿತಾ, ಮೈಸೂರಿನವರು. ರಿಜಿಸ್ಟ್ರಾರ್ ಹೋಗುವ ರೂಢಿಯಿಲ್ಲ. ಸವಿತಾ ಕರೆದರೆಂದು ಹೋದೆನೋ, ಜೀನ್ ಕರೆದರೆಂದೋ, ಮರೆತಿದ್ದೇನೆ.

ಏರಿನ ಬುಡದಲ್ಲಿ ಕಾರಿಳಿದೆವು. ಜೀನ್ ಊರುಗೋಲು ಊರಿ ಹೆಜ್ಜೆ ಇಟ್ಟರು. ನಾವಿಬ್ಬರೂ ಆಚೆಗೊಂದು ಈಚೆಗೊಂದು ತೋಳು ಹಿಡಿದೆವು. ಅಜ್ಜಿಯೊಬ್ಬರು ಏರು ಹತ್ತುವಾಗ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದನ್ನು ಸವಿತಾರ ಮೈಸೂರಿನಲ್ಲಾಗಲಿ ನನ್ನ ಧಾರವಾಡದಲ್ಲಾಗಲಿ ನಮಗೆ ಯಾರೂ ಕಲಿಸಿರಲಿಲ್ಲ. ಜೀನ್ ಪಾದಚಾರಿ ಹಾದಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ನಡೆದರು. ಸಮತೋಲ ತಪ್ಪುತ್ತಿದೆ ಎಂದುಕೊಂಡು ನಾವು ನೇರಕ್ಕೆ ಎಳೆದೆವು. ಅವರ ಕಾಲಿಗೆ ಕಾಲು ತೊಡರಿತು.

"ಬಿಡಿ ನನ್ನನ್ನು! ಪೊಲೀಸರು ಕಳ್ಳಿಯನ್ನು ಹಿಡಿದೊಯ್ಯುವ ಹಾಗಿದೆ. ಬ್ರೇಯನ್ನು ನೇರವಾಗಿ ಹತ್ತುವವರು ಲಂಡನ್ನಿನವರು ಮಾತ್ರ."

"ಬಿದ್ದುಬಿಟ್ರೆ ಏನ್ ಸಾರ್ ಮಾಡೋದು?" ಎಂದರು ಸವಿತಾ.

"ಬಿಡ್ರಿ, ನೋಡೂಣಂತ" ಎಂದೆ.

"ನನ್ನನ್ನು ಬೈಯುವುದಾದರೆ ಇಂಗ್ಲಿಷಿನಲ್ಲಿ ಬೈಯಿರಿ" ಎಂದರು ಜೀನ್.

ಕೈ ಬಿಟ್ಟೆವು. ಅವರು ಓರೆ ಓರೆಯಾಗಿ, ಅಲ್ಲಲ್ಲಿ ನಿಂತು ಹತ್ತಿದರು. ಗೇಟಿನ ಹತ್ತಿರ ಒದ್ದೆ ಎಲೆಯ ಮೇಲೆ ಕೋಲು ಜಾರಿತು. ನಾನು ಮುಂದಕ್ಕೆ ಬಾಗಿದೆ. ಮರುಕ್ಷಣ ಜೀನ್ ಗೇಟು ತೆರೆದು ಒಳಗೆ ಹೋಗಿದ್ದರು. ನಮಗೆ ಚಹಾ ಮಾಡಿಕೊಟ್ಟರು.

ಮರುದಿನದ ಸಭೆಯಲ್ಲಿ, ಮೊದಲು ತೋಳು ಹಿಡಿದು ಆಮೇಲೆ ಬಿಟ್ಟದ್ದನ್ನು ಹೇಳಿದಾಗ, ಕನ್ಸಲ್ಟೆಂಟ್ ಕೇಳಿದ್ದು ಒಂದೇ ಪ್ರಶ್ನೆ: "ಕೈ ಬಿಟ್ಟ ಮೇಲೆ, ಯಾರೂ ಮುಟ್ಟದೆ ಹತ್ತಿದರೇ?"

"ಹೌದು" ಎಂದೆ. ನನ್ನ ಬಳಿಕ ಸವಿತಾ ಕೂಡ "ಹೌದು" ಎಂದರು. ಜೀನ್ ಮನೆಗೆ ಹೋದರು.

ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ದಶಕದ ನಡುವಿನಲ್ಲಿ, ಕ್ವೀನ್ಸ್‌ಬರಿಯ ಗೆಳೆಯರೊಬ್ಬರ ಮನೆಯ ಯುಗಾದಿ ಊಟದಲ್ಲಿ ಸವಿತಾ ಸಿಕ್ಕರು. ಮಾತು ಜೀನ್ ಕಡೆಗೆ ಹೊರಳಿತು.

"ಅವತ್ತು ಗೇಟಿನ ಹತ್ರ ನೀವು ಹಿಡ್ಕೊಳ್ದೇ ಇದ್ದಿದ್ರೆ ಬಿದ್ದೇಬಿಡ್ತಿದ್ರು ಸಾರ್."

"ನಾ ಎಲ್ಲಿ ಹಿಡದೆ? ಕೈ ಚಾಚಿದ್ದೆ, ಅಷ್ಟ."

"ಕೋಟು ಹಿಡ್ಕೊಂಡ್ರಿ. ನಾನೇ ನೋಡ್ದೆ."

"ಮತ್ತ ಸಭಾದಾಗ ಹೌದು ಅಂತ ಯಾಕಂದ್ರಿ?"

ಸವಿತಾ ನಕ್ಕುಬಿಟ್ಟರು. "ನೀವು ಅಂದ್ರಲ್ಲ ಸಾರ್!"

ಅಂದು ನನ್ನ ಅಂಗೈಗೆ ಉಣ್ಣೆಯ ಕೋಟು ತಾಗಿತೇ? ನೆನಪಿಸಿಕೊಂಡರೆ ಈಗ ತಾಗಿದಂತೆಯೇ ಅನಿಸುತ್ತದೆ. ಆದರೆ ಸವಿತಾ ಹೇಳುವ ಮೊದಲು ಹಾಗೆ ಅನಿಸಿತ್ತೇ? ಅದೂ ಗೊತ್ತಿಲ್ಲ. ಜೀನ್ ಆಮೇಲೆ ಕೆಲವು ವರ್ಷ ನನ್ನ ಕ್ಲಿನಿಕ್ಕಿಗೆ ಒಬ್ಬರೇ ನಡೆದು ಬರುತ್ತಿದ್ದರು. ಅವರು ಮನೆಯಲ್ಲಿ ಇರಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ನಾನು ಅಂದು ನಿಜ ಹೇಳಿದೆ ಎಂಬುದಕ್ಕಲ್ಲ.

ಯುಗಾದಿಯ ಆ ಊಟದ ಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡೆ. ಜೊತೆಗೆ ಬಂದವರು ತಾವು ಕಂಡದ್ದನ್ನು ಹೇಳಿ ಮುಗಿಸುವ ತನಕ ಯಾವ ಸಭೆಯಲ್ಲೂ ಬಾಯಿ ತೆರೆಯುತ್ತಿರಲಿಲ್ಲ. ಡಾಕ್ಟರು ಮೊದಲು ಮಾತಾಡಿದರೆ ಉಳಿದವರ ಕಣ್ಣು ಕಂಡದ್ದು ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಈ ಪಾಠದಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ದಿನ ಸವಿತಾ ಮೊದಲು ಮಾತಾಡಿದ್ದರೆ ಜೀನ್ ತಮ್ಮ ಬ್ರೇಯನ್ನು ಮತ್ತೆ ಹತ್ತುತ್ತಿರಲಿಲ್ಲ.