ಅಳಿಸದೆ ಉಳಿದ ನಡಿಗೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಕೃತಕ ಕಾಲು ಮಾಡಿಕೊಡುವ ಕಸುಬು, ಹಾಗಾಗಿ ಎಲ್ಲರಿಗೂ ಕಾಲಣ್ಣ. ಅಳುತ್ತ ಬಂದ ಗಿರಾಕಿಯನ್ನೂ ನಗಿಸಿ ಕಳಿಸುವ ಆಸಾಮಿ. ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟರ್ ಧೂಳು ಹೊದ್ದು ಕುಳಿತ ಕಂಪ್ಯೂಟರಿನ ಮುಂದೆ ಮಾತ್ರ ಅವನಿಗೆ ಕೈಕಾಲೇ ಆಡುವುದಿಲ್ಲ.

ಅಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. "ಪುಟ್ಟ ಹುಡುಗಿ ಕಾಲಿನ ಅಳತೆ ಕಳಿಸ್ತಾನೇ ಇದೀವಿ. ನಿಮ್ಮ ಮೇಲ್ ತುಂಬಿದೆ ಅಂತ ವಾಪಸ್ ಬರ್ತಿದೆ. ಸಂಜೆಯೊಳಗೆ ತಗೊಳ್ಳದಿದ್ರೆ ಮಗು ಇನ್ನೂ ಎಷ್ಟು ತಿಂಗಳು ಕಾಯ್ಬೇಕೋ!"

ಅಂಗಡಿಯ ವ್ಯವಹಾರ ನೋಡಿಕೊಳ್ಳುವ ಸೊಸೆ ಮೇಲ್ ತೆರೆದವಳೇ ತಲೆ ಚಚ್ಚಿಕೊಂಡಳು. ಹೊಸ ಕಾಲಿನಲ್ಲಿ ನಡೆದಾಡುವ ವಿಡಿಯೊಗಳನ್ನು ಗಿರಾಕಿಗಳು ಪ್ರೀತಿಯಿಂದ ಕಳಿಸುತ್ತಿದ್ದರು. ಎಲ್ಲಿ ಕಳೆದುಹೋಗುತ್ತವೋ ಎಂದು ಮಾವ ಪ್ರತಿಯೊಂದನ್ನೂ ತನಗೆ ತಾನೇ ಇನ್ನೊಮ್ಮೆ ಕಳಿಸಿಕೊಂಡಿದ್ದ.

"ನಿಮಗೆ ನೀವೇ ಪತ್ರ ಬರ್ಕೊಳ್ತೀರಲ್ಲ ಮಾವ!"

"ಭದ್ರವಾಗಿರ್ಲಿ ಅಂತಮ್ಮ."

ನಕಲುಗಳನ್ನೆಲ್ಲ ಅಳಿಸಿದರೂ ಜಾಗ ಸಾಲದೆನಿಸಿತು. "ಉಳಿದದ್ದನ್ನ ಪೆನ್‌ಡ್ರೈವ್‌ಗೆ ಎತ್ತಿಡೋಣ್ವಾ?" ಎಂದಳು ಸೊಸೆ.

ಕಾಲಣ್ಣ ಪರದೆಯನ್ನೇ ನೋಡಿದ. ಮೆಟ್ಟಿಲು ಹತ್ತುವ ಮೇಷ್ಟ್ರು, ಮಗನ ಹಿಂದೆ ಓಡುವ ತಾಯಿ. "ಬೇಡಮ್ಮ. ಅವರೆಲ್ಲ ಆರಾಮಾಗಿ ಓಡಾಡ್ಕೊಂಡಿದ್ದಾರೆ. ನಾನು ಇಲ್ಲಿ ಕೂಡಿಹಾಕಿ ಏನು ಮಾಡ್ಲಿ? ತೆಗಿ."

ಅಳಿಸುತ್ತ ಹೋದಂತೆ ಎಲ್ಲಕ್ಕಿಂತ ಹಳೆಯದೊಂದು ಸಿಕ್ಕಿತು. ಅಜ್ಜಿಯೊಬ್ಬಳು ಎರಡು ಹೆಜ್ಜೆ ಇಡುವಷ್ಟರಲ್ಲಿ ವಾಲಿ ಗೋಡೆ ಹಿಡಿಯುತ್ತಾಳೆ.

"ಇದನ್ನಂತೂ ನೋಡೋಕಾಗಲ್ಲ. ತೆಗೀತೀನಿ."

"ಅಯ್ಯೋ, ಅದನ್ನ ಮಾತ್ರ ಮುಟ್ಬೇಡ!"

ಅದು ಅವನು ಮಾಡಿದ ಮೊಟ್ಟಮೊದಲ ಕಾಲು. ನೆಟ್ಟಗಿರಲಿಲ್ಲ. ನಾವು ನೀವಾಗಿದ್ದರೆ ಅವನ ಜನ್ಮ ಜಾಲಾಡಿ ಬರುತ್ತಿದ್ದೆವು. ಅಜ್ಜಿ ಮಾತ್ರ, "ಎಲ್ಲಿ ಒತ್ತುತ್ತೆ ಅಂತ ನಾನು ಹೇಳ್ತೀನಿ, ನೀನು ಕಲ್ತುಕೋ ಮಗಾ. ನನ್ನ ಹಿಂದೆ ಇನ್ನೂ ಜನ ಬರ್ತಾರಲ್ಲ" ಎಂದು ಮೊಮ್ಮಗಳ ಕೈಲಿ ತನ್ನ ನಡಿಗೆಯ ವಿಡಿಯೊ ಹಿಡಿಸಿ ಕಳಿಸಿದ್ದಳು. ಚರ್ಮ ಸುಲಿದರೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವಳು ತೀರಿಕೊಂಡು ಎಷ್ಟೋ ಕಾಲವಾಯಿತು. ಇಷ್ಟು ವರ್ಷ ತನ್ನ ಮನೆಯವರು ಉಂಡ ಅನ್ನದಲ್ಲಿ ಅವಳ ಋಣವಿದೆ ಎಂದು ಕಾಲಣ್ಣ ಮರೆತವನಲ್ಲ.

"ಅಳಿಸಿದ್ದೆಲ್ಲ ಇನ್ನೂ ಕಸದ ಬುಟ್ಟೀಲೇ ಇದೆ ಮಾವ. ಅದನ್ನ ಖಾಲಿ ಮಾಡಿದ್ರೇನೇ ಜಾಗ ಆಗೋದು. ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ನಾನೇ ಒತ್ತುತ್ತೀನಿ," ಎಂದು ಬೆರಳು ಒರೆಸಿಕೊಂಡು ಒತ್ತಿದ. ಆಸ್ಪತ್ರೆಗೆ ಫೋನು ಹೋಯಿತು, ಸ್ವಲ್ಪ ಹೊತ್ತಿಗೆ ಮಗುವಿನ ಅಳತೆ ಬಂದು ಕುಳಿತಿತು. ಸೊಸೆ ನಿಟ್ಟುಸಿರು ಬಿಟ್ಟಳು.

ಕಾಲಣ್ಣ ಅಂಗಿಯ ತೋಳು ಮಡಿಸಿಕೊಂಡ. "ಆ ಅಜ್ಜೀನ ಒಂದ್ಸಲ ಹಾಕಮ್ಮ."

ಅಜ್ಜಿ ಎರಡು ಹೆಜ್ಜೆ ಇಟ್ಟಳು, ವಾಲಿದಳು, ಗೋಡೆ ಹಿಡಿದಳು. ಅವನು ಕೈ ಜೋಡಿಸಿದ.

"ಈ ಸಲ ಪುಟ್ಟ ಕಾಲು ಅಜ್ಜಿ. ಎಲ್ಲೂ ಒತ್ತದ ಹಾಗೆ ಮಾಡ್ತೀನಿ."